ಬೆಳಗಿನ ವಾಕರಿಕೆ

ಮಾತ್ರೆ ಶುರು ಮಾಡಿದ ಮೂರನೆಯ ದಿನ ಅಂಬುಜಾ ಮೊದಲ ಸಲ ವಾಂತಿ ಮಾಡಿಕೊಂಡಳು. ಜನವರಿಯ ಚಳಿ. ಬೆಳಿಗ್ಗೆ ಏಳಕ್ಕೆ ಅರ್ಧ ಮಾತ್ರೆ ನುಂಗಿ, ಸ್ಟೋವ್ ಮೇಲೆ ಚಹಾಕ್ಕೆ ನೀರಿಟ್ಟು ತಲೆ ಬಾಚಿಕೊಳ್ಳುತ್ತಿದ್ದವಳಿಗೆ ಹೊಟ್ಟೆಯ ತಳದಿಂದ ಏನೋ ಮೇಲಕ್ಕೆದ್ದು ಬಂದಂತಾಯಿತು. ಬಾಯಿ ತುಂಬ ನೀರು ಒಸರಿತು. ನಾಗಪುರದ ಮಹಾಲ್ ಪೇಟೆಯ ಆ ಹಳೆಯ ವಾಡೆಯಲ್ಲಿ ಮೇಲಿನ ಕೋಣೆಗಳಿಗೆ ಬಚ್ಚಲಿರಲಿಲ್ಲ. ಮರದ ಮೆಟ್ಟಿಲು ಇಳಿದು, ಅಂಗಳ ದಾಟಿ, ನಲ್ಲಿಯ ಪಕ್ಕದ ಮೋರಿಗೆ ಹೋಗಬೇಕು. ಸೆರಗನ್ನು ಬಾಯಿಗೆ ಒತ್ತಿಕೊಂಡು ಇಳಿದಳು. ನಲ್ಲಿಯ ಮುಂದೆ ನಾಲ್ಕು ಜನ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅವರ ಬೆನ್ನ ಹಿಂದೆಯೇ ಕುಕ್ಕರಗಾಲಲ್ಲಿ ಕೂತು ಕಕ್ಕಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲವಾಗಿ ಬರೀ ಹಳದಿ ನೀರು ಬಂತು. ತಿರುಗಿ ನೋಡಿದಾಗ ನಾಲ್ವರೂ ಬೇರೆ ಕಡೆ ನೋಡುತ್ತಿದ್ದರು.

ನಾಲ್ಕನೆಯ ದಿನವೂ ಹಾಗೇ ಆಯಿತು. ಐದನೆಯ ದಿನವೂ ಆಯಿತು.

ಅಂಬುಜಾಗೆ ಆಗ ನಲವತ್ತೆರಡು. ಬಾಗಲಕೋಟೆಯವಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಟೆಲಿಫೋನ್ ಇಲಾಖೆಯ ಪರೀಕ್ಷೆ ಪಾಸಾಗಿ ನಾಗಪುರದ ಟ್ರಂಕ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಬಂದವಳು ಇಲ್ಲಿಯೇ ಉಳಿದುಬಿಟ್ಟಿದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ, ಬೊಂಬಾಯಿಯವರನ್ನು ಕಲ್ಕತ್ತೆಯವರಿಗೆ, ರಾಯಪುರದವರನ್ನು ಹೈದರಾಬಾದಿನವರಿಗೆ ಕೂಡಿಸುವ ಕೆಲಸ. ಎರಡು ಸಲ ಮದುವೆಯ ಮಾತು ನಡೆದು ಎರಡು ಸಲವೂ ನಿಂತಿತ್ತು. ಅಪ್ಪ, ಅವ್ವ ಒಬ್ಬರ ಹಿಂದೊಬ್ಬರು ಹೋದ ಮೇಲೆ ಆ ಮಾತೆತ್ತುವವರೂ ಇರಲಿಲ್ಲ. ಅವಳಿಗೂ ಅದರ ನೆನಪು ಬರುವುದು ಕಡಿಮೆಯಾಗಿತ್ತು.

ಒಂದು ವರ್ಷದಿಂದ ಅವಳ ಬಲಗೈ ಮಾತು ಕೇಳುತ್ತಿರಲಿಲ್ಲ. ಮೊದಮೊದಲು ಹೆಬ್ಬೆರಳು ಮಾತ್ರ ತನ್ನಷ್ಟಕ್ಕೆ ತಾನು ಆಡುತ್ತಿತ್ತು. ಆಮೇಲೆ ಪ್ರತಿ ಕರೆಯ ವಿವರ ಗುರುತಿಸುವ ಕಾಲ್ ಟಿಕೆಟ್ಟಿನ ಮೇಲೆ ಬರೆಯುವ ಅಕ್ಷರ ಸಣ್ಣದಾಗುತ್ತ ಬಂತು. ಸಾಲಿನ ಆರಂಭದಲ್ಲಿ ಕಡಲೆಯಷ್ಟಿದ್ದದ್ದು ಕೊನೆಗೆ ಸಾಸಿವೆಯಷ್ಟಾಗುತ್ತಿತ್ತು. ದನಿಯೂ ತಗ್ಗಿತು, ಸ್ವಲ್ಪ ಜೋರಾಗಿ ಮಾತಾಡಿ ಎಂದು ಫೋನಿನ ಆ ಕಡೆಯವರು ಹೇಳತೊಡಗಿದರು. ಡಿಸೆಂಬರಿನಲ್ಲಿ ಅವಳು ರಜೆ ಹಾಕಿ ಧಂತೋಲಿ ಬಡಾವಣೆಯಲ್ಲಿದ್ದ ನರರೋಗದ ಡಾಕ್ಟರ ಹತ್ತಿರ ಹೋದಳು. ಅವರು ಅವಳನ್ನು ಕಾರಿಡಾರಿನಲ್ಲಿ ನಡೆಸಿ ನೋಡಿದರು, ಬರೆಸಿ ನೋಡಿದರು, ಮೊಣಕೈ ಹಿಡಿದು ಮಡಚಿ ಬಿಡಿಸಿ ನೋಡಿದರು. ಲಕ್ಷಣವೆಲ್ಲ ಪಾರ್ಕಿನ್ಸನ್ ಇದ್ದ ಹಾಗಿದೆ, ಆದರೆ ನಿಮ್ಮದು ಅದಕ್ಕೆ ಸಣ್ಣ ವಯಸ್ಸು, ಮಾತ್ರೆ ಕೊಟ್ಟು ನೋಡೋಣ, ಮಾತ್ರೆಗೆ ಕೈ ಸಡಿಲವಾದರೆ ಅದೇ ಎಂದು ತಿಳಿದುಕೊಳ್ಳೋಣ ಎಂದರು. ದಿನಕ್ಕೆ ಮೂರು ಸಲ ಅರ್ಧರ್ಧ, ನಾಲ್ಕು ವಾರದ ಮೇಲೆ ಒಂದೊಂದು. ಶುರುವಿಗೆ ಹೊಟ್ಟೆ ತೊಳಸುತ್ತದೆ, ತೀರ ತಡೆಯದಿದ್ದರೆ ಬಂದು ಹೇಳಿ ಎಂದೂ ಎಚ್ಚರಿಸಿದ್ದರು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಎಕ್ಸ್‌ಚೇಂಜಿನಲ್ಲಿ ಗೊತ್ತಾದರೆ ಬೋರ್ಡಿನಿಂದ ಎಬ್ಬಿಸುತ್ತಾರೆ ಎಂಬ ಭಯ. ದಿನಕ್ಕೆ ಏಳು ಗಂಟೆ ಊರೂರುಗಳ ಜನರ ಜೊತೆ ಮಾತಾಡುವ ಆ ಕುರ್ಚಿ ಬಿಟ್ಟರೆ ಅವಳಿಗೆ ಮಾತಾಡಲು ಬೇರೆ ಜಾಗವಿರಲಿಲ್ಲ. ಕನ್ನಡ ಆಡಲಂತೂ ಇದ್ದವರು ಒಬ್ಬರೇ, ನರಹರಿ. ಧಾರವಾಡದವರು, ಐವತ್ತರ ಆಸುಪಾಸು. ಸೀತಾಬರ್ಡಿ ಪೇಟೆಯ ಬ್ಯಾಂಕಿನಲ್ಲಿ ಅಧಿಕಾರಿ. ಮಕ್ಕಳ ಶಾಲೆಯ ಸಲುವಾಗಿ ಹೆಂಡತಿ ಊರಲ್ಲೇ ಇದ್ದರು. ತಿಂಗಳ ಮೊದಲ ಭಾನುವಾರ ಊರಿನಿಂದ ಬಂದ ಹಳೆಯ ವಾರಪತ್ರಿಕೆಗಳ ಕಟ್ಟು ತಂದುಕೊಟ್ಟು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಬಾಗಿಲು ತೆರೆದಿಟ್ಟುಕೊಂಡೇ ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದರು. ಮಾತೂ ಅಂಥದ್ದೇ: ಧಾರವಾಡದ ಮಳೆ, ಇಲ್ಲಿಯ ಬಿಸಿಲು, ಎಲ್ಲಿ ಒಳ್ಳೆಯ ಜೋಳ ಸಿಗುತ್ತದೆ ಎಂಬುದು.

ಮಾತ್ರೆಯಿಂದ ಕೈಗೆ ಗುಣ ಕಂಡಿತು. ವಾರ ಕಳೆಯುವುದರೊಳಗೆ ಹೆಬ್ಬೆರಳು ಸುಮ್ಮನಾಯಿತು, ಕುಪ್ಪಸದ ಗುಂಡಿ ಹಾಕಲು ಬರುತ್ತಿತ್ತು. ಆದರೆ ಹೊಟ್ಟೆ ಅದಕ್ಕೆ ಪ್ರತಿಯಾಗಿ ದಂಡ ವಸೂಲಿ ಮಾಡುತ್ತಿತ್ತು. ಕೆಳಗಿನ ಮನೆಯವರು ಅಂಗಳದಲ್ಲಿ ಕಿತ್ತಳೆ ಸುಲಿದರೆ ಆ ಸಿಪ್ಪೆಯ ವಾಸನೆಗೇ ಹೊಟ್ಟೆ ಮಗುಚುತ್ತಿತ್ತು. ಒಗ್ಗರಣೆಯ ಹೊಗೆ, ಬಸ್ಸಿನ ಡೀಸೆಲ್, ಪಕ್ಕದ ಸೀಟಿನ ಹೆಂಗಸಿನ ತಲೆಯ ಎಣ್ಣೆ, ಯಾವುದೂ ಆಗುತ್ತಿರಲಿಲ್ಲ. ಬೆಳಗಿನದ್ದೇ ಕಠಿಣ. ಹೇಗಾದರೂ ತಡೆಯಬೇಕೆಂದು ಹಲ್ಲು ಕಚ್ಚಿ ಹಾಸಿಗೆಯ ಮೇಲೆ ಕೂತಿರುತ್ತಿದ್ದಳು. ಇಪ್ಪತ್ತು ನಿಮಿಷ ಕಳೆಯುತ್ತಲೇ ಮತ್ತೆ ಅದೇ ಮೆಟ್ಟಿಲು, ಅದೇ ನಲ್ಲಿ, ಅದೇ ಹೆಂಗಸರು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಸುಲಭಾ ಮೇಲೆ ಬಂದಳು. ವಾಡೆಯ ಒಡತಿ ಗಂಗೂಬಾಯಿಯ ಸೊಸೆ. ಇಪ್ಪತ್ತೊಂದು ವರ್ಷದ, ಕಾಟೋಲ್ ಕಡೆಯ ಹುಡುಗಿ, ನಾಲ್ಕು ತುಂಬಿ ಐದರಲ್ಲಿದ್ದ ಬಸುರಿ. ಅಲ್ಲಿಯವರೆಗೆ ಅಂಬುಜಾಳ ಜೊತೆ ಅವಳು ನೆಟ್ಟಗೆ ಮಾತಾಡಿದವಳೇ ಅಲ್ಲ. ಸೆರಗಿನೊಳಗಿಂದ ಒಂದು ಡಬ್ಬಿ ತೆಗೆದು ಮಂಚದ ಮೇಲಿಟ್ಟಳು. ಅದರಲ್ಲಿ ಜೋಳದ ಅರಳು, ಮೇಲೊಂದು ಕಾಗದದ ಪೊಟ್ಟಣದಲ್ಲಿ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಚೂರು.

“ಏಳೋ ಮೊದಲೇ, ಮಲಗಿದ್ದ ಹಾಗೇ ಒಂದು ಮುಷ್ಟಿ ತಿನ್ನಿ ತಾಈ,” ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು. ಅಲ್ಲಿ ಅಕ್ಕನಿಗೆ ತಾಈ ಎನ್ನುತ್ತಾರೆ. “ನನಗೂ ಹೀಗೇ ಆಗ್ತಿತ್ತು. ಖಾಲಿ ಹೊಟ್ಟೆ ಬಿಡಬಾರದು. ಆಮೇಲೆ ನೆಲ್ಲಿಕಾಯಿ ಬಾಯಲ್ಲಿ ಇಟ್ಕೊಳ್ಳಿ. ನಾನು ಯಾರಿಗೂ ಹೇಳಲ್ಲ.”

ಅಂಬುಜಾಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯವರೆಗೂ ಬಿಸಿಯಾಯಿತು. ಅಲ್ಲ ಎನ್ನಲು ಬಾಯಿ ತೆರೆದಳು. ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕಾಗುತ್ತಿತ್ತು. ಸುಲಭಾ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಬೆಚ್ಚಗಿನ, ಹಿಟ್ಟು ಹತ್ತಿದ ಕೈ. ತನ್ನ ಕೈಯನ್ನು ಯಾರಾದರೂ ಹೀಗೆ ಹಿಡಿದು ಎಷ್ಟು ವರ್ಷವಾಗಿತ್ತೋ, ಡಾಕ್ಟರೊಬ್ಬರನ್ನು ಬಿಟ್ಟರೆ. ಅಂಬುಜಾ ಬಾಯಿ ಮುಚ್ಚಿದಳು.

ಅರಳು ಕೆಲಸ ಮಾಡಿತು. ಎದ್ದು ಕೂರುವ ಮೊದಲು ಒಂದು ಮುಷ್ಟಿ ಅರಳು, ಸ್ವಲ್ಪ ಹೊತ್ತಿನ ಮೇಲೆ ಮಾತ್ರೆ, ಮತ್ತೆ ಎರಡು ಕಾಳು ಅರಳು, ನೆಲ್ಲಿಕಾಯಿ. ವಾಕರಿಕೆ ಪೂರಾ ಹೋಗಲಿಲ್ಲವಾದರೂ ವಾರದಲ್ಲಿ ಮೂರು ದಿನ ಮೆಟ್ಟಿಲು ಇಳಿಯದೆ ಕಳೆಯುವಂತಾಯಿತು. ಬೆಳಗಿನ ಪಾಳಿ ಮುಗಿಸಿ ಅವಳು ಮೂರಕ್ಕೆ ಮನೆಗೆ ಬಂದರೆ, ಅತ್ತೆ ಮಲಗಿರುವ ಹೊತ್ತು ನೋಡಿ ಸುಲಭಾ ಮೇಲೆ ಬರುತ್ತಿದ್ದಳು. ಹಸಿಶುಂಠಿಯನ್ನು ತೆಳ್ಳಗೆ ಕೊಯ್ದು ನಿಂಬೆರಸದಲ್ಲಿ ನೆನೆಹಾಕುವುದನ್ನು ತೋರಿಸಿಕೊಟ್ಟಳು. ಚಹಾ ಬಿಡಿಸಿದಳು. ಅನ್ನ ಆರಿದ ಮೇಲೆಯೇ ಉಣ್ಣಬೇಕು, ಬಿಸಿ ಅನ್ನದ ಹಬೆಯೇ ಹೊಟ್ಟೆ ಕೆಡಿಸುತ್ತದೆ ಎಂದು ಹೇಳಿಕೊಟ್ಟಳು. ಇಬ್ಬರೂ ಗೋಡೆಗೊರಗಿ ಕೂತು ಯಾವ ವಾಸನೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮಾತಾಡಿಕೊಳ್ಳುವರು. ಸುಲಭಾಗೆ ಸೀಮೆಎಣ್ಣೆ ವಾಸನೆ ಹಿತವಾಗುತ್ತಿತ್ತಂತೆ. ಅದನ್ನು ಹೇಳುವಾಗ ಇಬ್ಬರಿಗೂ ನಗು ಬಂದು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.

ಒಂದು ಮಧ್ಯಾಹ್ನ ಸುಲಭಾ, ಅವರಿಗೆ ಗೊತ್ತಿದೆಯಾ ಎಂದು ಕೇಳಿದಳು. ಯಾರಿಗೆ ಎಂದು ಅಂಬುಜಾ ಕೇಳಲಿಲ್ಲ. ವರ್ಷಗಳಿಂದ ಆ ಮೆಟ್ಟಿಲು ಹತ್ತಿ ಬಂದ ಗಂಡಸು ಒಬ್ಬರೇ. ಅವಳು ಸುಮ್ಮನೆ ಕಿಟಕಿಯ ಕಡೆ ನೋಡಿದಳು. ಸುಲಭಾ ಅದನ್ನೇ ಉತ್ತರ ಎಂದು ತಿಳಿದಳು.

ಅವತ್ತು ಸಂಜೆ ಅಂಬುಜಾ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಮಾಡಿದ್ದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ತನ್ನ ಹೆಸರಿನ ಜೊತೆ ಒಬ್ಬ ಮರ್ಯಾದಸ್ಥರ ಹೆಸರನ್ನೂ ಕೆಡಿಸುತ್ತಿದ್ದೇನೆ ಎಂದೂ ಗೊತ್ತಿತ್ತು. ನಾಳೆ ಹೇಳಿಬಿಡಬೇಕು ಎಂದುಕೊಂಡಳು. ಆದರೂ ಒಳಗೊಳಗೆ, ತನಗೇ ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಹಗುರ ಇತ್ತು. ಈ ಜಗತ್ತಿನಲ್ಲಿ ನಾಲ್ಕು ಜನ ಹೆಂಗಸರು, ಯಾರೋ ಒಬ್ಬನಿಗೆ ಅಂಬುಜಾ ಬೇಕಾಗಿದ್ದಳು ಎಂದು ನಂಬಿದ್ದರು. ಅದು ಸುಳ್ಳು. ಆ ಸುಳ್ಳನ್ನು ಇನ್ನೂ ಎರಡು ದಿನ ಇಟ್ಟುಕೊಳ್ಳೋಣ ಅನ್ನಿಸಿತು. ಮರುದಿನ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ.

ಫೆಬ್ರವರಿಯ ಶುರುವಿಗೆ ಮಾತ್ರೆ ಅರ್ಧದಿಂದ ಒಂದಾಯಿತು. ಅರಳು, ಶುಂಠಿ ಯಾವುದೂ ಸಾಲದಾಯಿತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ವಾಂತಿಯಾಗಿ ಅರ್ಧ ದಾರಿಯಲ್ಲಿ ಇಳಿದಳು. ಇನ್ನೊಂದು ದಿನ ಬೋರ್ಡಿನ ಮುಂದಿಂದ ಹೆಡ್‌ಫೋನ್ ಕಿತ್ತಿಟ್ಟು ಓಡಿದಳು. ಅವಳಿಗೆ ಕೆಟ್ಟದೇನನ್ನೋ ತಿಂದು ಅಜೀರ್ಣವಾಗಿರಬೇಕೆಂದು ಅಲ್ಲಿಯವರು ಸೋಡಾ ತರಿಸಿಕೊಟ್ಟರು. ವಾಡೆಯಲ್ಲಿ ಮಾತ್ರ ಯಾರೂ ಸೋಡಾ ತರಿಸಲಿಲ್ಲ. ಒಂದು ದಿನ ಗಂಗೂಬಾಯಿ ಅವಳನ್ನು ಕೆಳಗೆ ಕರೆಸಿದಳು.

ಗಂಗೂಬಾಯಿ ಕೆಟ್ಟವಳಲ್ಲ. ಗಂಡ ಸತ್ತ ಮೇಲೆ ಆ ವಾಡೆಯನ್ನೂ ಅದರ ಆರು ಬಾಡಿಗೆ ಮನೆಗಳನ್ನೂ ಒಬ್ಬಳೇ ನಡೆಸಿಕೊಂಡು ಬಂದವಳು. ಹದಿನೈದು ವರ್ಷದಲ್ಲಿ ಅಂಬುಜಾಗೆ ಒಂದು ಗಟ್ಟಿ ಮಾತು ಅಂದಿರಲಿಲ್ಲ. ಈಗಲೂ ದನಿ ಏರಿಸಲಿಲ್ಲ. ಬೇಳೆ ಆರಿಸುತ್ತ, ತಲೆ ಎತ್ತದೆ, ಸಂಸಾರವಂದಿಗರು ಇರುವ ಜಾಗ, ಮನೆಯಲ್ಲಿ ಬಸುರಿ ಸೊಸೆ ಇದ್ದಾಳೆ, ಹೋಳಿ ಹುಣ್ಣಿಮೆಯೊಳಗೆ ಬೇರೆ ಕೋಣೆ ನೋಡಿಕೊಳ್ಳಿ ಎಂದಳು. ಕಾರಣ ಹೇಳಲಿಲ್ಲ. ಅಂಬುಜಾ ಕೇಳಲಿಲ್ಲ. ಈಗಲಾದರೂ ಹೇಳಬಹುದಿತ್ತು. ಆದರೆ ಹೇಳಿದರೆ ಯಾರು ನಂಬುತ್ತಾರೆ, ಒಂದು ತಿಂಗಳು ಸುಮ್ಮನಿದ್ದವಳ ಮಾತನ್ನು? ವಾಡೆಯವರೆಲ್ಲ ಆ ಹಿರಿಯಳನ್ನು ಕರೆಯುವ ಹಾಗೆ, ಸರಿ ಕಾಕೂ ಎಂದಷ್ಟೇ ಹೇಳಿ ಮೇಲೆ ಬಂದಳು.

ಆ ತಿಂಗಳ ಮೊದಲ ಭಾನುವಾರ ತಪ್ಪಿಹೋಗಿತ್ತು. ಎರಡನೆಯ ಭಾನುವಾರ ನರಹರಿ ಬಂದರು. ಅಂಬುಜಾ ಮೇಲಿನ ಕಟಾಂಜನದ ಹತ್ತಿರ ಬಟ್ಟೆ ಹರವುತ್ತಿದ್ದಳು. ಅಂಗಳದ ಬಾಗಿಲಲ್ಲಿ ಗಂಗೂಬಾಯಿ ಅವರನ್ನು ತಡೆದು ನಿಲ್ಲಿಸಿದ್ದು ಕಂಡಿತು. ಏನು ಮಾತಾಡಿದರೋ ಕೇಳಿಸಲಿಲ್ಲ. ಬಹಳ ಹೊತ್ತೇನೂ ಅಲ್ಲ. ನರಹರಿ ಪತ್ರಿಕೆಯ ಕಟ್ಟನ್ನು ಜಗಲಿಯ ಮೇಲಿಟ್ಟು, ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, ತಿರುಗಿ ನಡೆದರು. ಒಮ್ಮೆಯೂ ಮೇಲೆ ನೋಡಲಿಲ್ಲ. ಹಿಂಡಿದ ಸೀರೆ ಅಂಬುಜಾಳ ಕೈಯಲ್ಲೇ ಇತ್ತು, ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

ಮರುದಿನ ಅವಳು ಬೀದಿಯ ಮೂಲೆಯ ಔಷಧಿ ಅಂಗಡಿಗೆ ಹೋಗಿ ವಾಂತಿ ನಿಲ್ಲುವ ಮಾತ್ರೆ ಕೇಳಿದಳು. ಬೇರೇನು ಔಷಧಿ ತಗೊಳ್ತೀರಿ ಎಂದು ಅಂಗಡಿಯವರು ಕೇಳಿದಾಗ ಏನೂ ಇಲ್ಲ ಎಂದಳು. ಎಲ್ಲರಿಗೂ ಕೊಡುವ ಬಿಳಿ ಮಾತ್ರೆಯನ್ನೇ ಅವರು ಕೊಟ್ಟರು. ಊಟಕ್ಕೆ ಮೊದಲು ಒಂದು, ದಿನಕ್ಕೆ ಮೂರು.

ವಾಂತಿ ನಿಂತಿತು. ಎರಡೇ ದಿನದಲ್ಲಿ ಹೊಟ್ಟೆ ತಣ್ಣಗಾಗಿ, ಚಹಾ ಕುಡಿಯಲು ಬಂತು. ನಲ್ಲಿಯ ಹೆಂಗಸರ ಮುಂದೆ ನೆಟ್ಟಗೆ ನಡೆದುಹೋದಳು. ಆದರೆ ನಾಲ್ಕನೆಯ ದಿನ ಕಾಲು ಭಾರವಾಯಿತು. ಐದನೆಯ ದಿನ ಹಾಸಿಗೆಯಲ್ಲಿ ಮಗ್ಗಲು ಬದಲಿಸಲು ಮಂಚದ ಪಟ್ಟಿ ಹಿಡಿದು ಎಳೆದುಕೊಳ್ಳಬೇಕಾಯಿತು. ಕೈ ಮತ್ತೆ ಮೊದಲಿನದಕ್ಕಿಂತ ಕೆಟ್ಟಿತು, ಈ ಸಲ ಎಡಗೈಯೂ. ಬೋರ್ಡಿನ ಮುಂದೆ ಒಂದು ವೈರು ಹಿಡಿದವಳು ಅದನ್ನು ತೂತಿನವರೆಗೆ ಒಯ್ಯಲಾಗದೆ ಗಾಳಿಯಲ್ಲೇ ಹಿಡಿದು ಕೂತಳು. ಆ ಕಡೆಯಿಂದ ಯಾರೋ ಹಲೋ, ಹಲೋ ಎನ್ನುತ್ತಿದ್ದರು. ಪಕ್ಕದವಳು ಕೈ ಚಾಚಿ ಚುಚ್ಚಿಕೊಟ್ಟಳು. ರೋಗ ಬಲಿಯಿತು, ಡಾಕ್ಟರ ಮಾತ್ರೆಯೂ ನಾಟುತ್ತಿಲ್ಲ, ಇನ್ನು ಹೀಗೆಯೇ ಎಂದು ಅಂಬುಜಾ ತಿಳಿದಳು. ಬಿಳಿ ಮಾತ್ರೆಯ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಅದು ವಾಂತಿಯದ್ದಲ್ಲವೇ?

ಎಂಟನೆಯ ದಿನ ಬೆಳಿಗ್ಗೆ ನೀರಿಗೆಂದು ಬಕೆಟ್ಟು ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಅರ್ಧ ಇಳಿದಲ್ಲಿಗೆ ಕಾಲು ನಿಂತಿತು. ಮುಂದಿನ ಮೆಟ್ಟಿಲು ಕಾಣುತ್ತಿತ್ತು, ಕಾಲೆತ್ತಬೇಕೆಂದು ಗೊತ್ತಿತ್ತು, ಕಾಲು ಏಳಲಿಲ್ಲ. ಅಂಗಾಲನ್ನು ಯಾರೋ ಮರಕ್ಕೆ ಮೊಳೆ ಹೊಡೆದು ಕೂರಿಸಿದ ಹಾಗೆ. ಕೂಗೋಣವೆಂದರೆ ದನಿ ಗಂಟಲಲ್ಲೇ ಉಳಿಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಬಕೆಟ್ಟು ಜಾರಿ ಉರುಳಿತು, ಅದರ ಹಿಂದೆ ಅವಳೂ.

ಸದ್ದಿಗೆ ಮೊದಲು ಓಡಿಬಂದವಳು ಸುಲಭಾ. ತನ್ನ ಹೊಟ್ಟೆಯನ್ನೂ ಲೆಕ್ಕಿಸದೆ ನೆಲಕ್ಕೆ ಕೂತು ಅಂಬುಜಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹಣೆ ಒಡೆದು ರಕ್ತ ಬರುತ್ತಿತ್ತು. ಸುಲಭಾಳ ಕೈ ಮಾತ್ರ ಅಂಬುಜಾಳ ಹೊಟ್ಟೆಯ ಮೇಲಿತ್ತು. “ಅತ್ತೇ, ಜಲ್ದಿ ಬನ್ನಿ, ಇವರ ಮಗು,” ಎನ್ನುತ್ತಿದ್ದಳು. ಇಡೀ ಅಂಗಳ ಅದನ್ನು ಕೇಳಿತು.

ಗಂಗೂಬಾಯಿ ಒಂದು ಮಾತಾಡದೆ ಸೈಕಲ್ ರಿಕ್ಷಾ ತರಿಸಿದಳು. ಹೆರಿಗೆ ಆಸ್ಪತ್ರೆಗೆ ನಡಿ ಎಂದು ರಿಕ್ಷಾದವನಿಗೆ ಹೇಳಿದಾಗ, ಅಂಬುಜಾ ಬಹಳ ಕಷ್ಟಪಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಧಂತೋಲಿ ಎಂದಳು. ಅಲ್ಲಿಯ ಡಾಕ್ಟರ ಹೆಸರನ್ನೂ ಹೇಳಿದಳು.

ಡಾಕ್ಟರು ಹಣೆಗೆ ಎರಡು ಹೊಲಿಗೆ ಹಾಕಿಸಿ, ಕೈಕಾಲು ಮಡಚಿ ನೋಡಿ, ಏನೇನು ತಗೊಂಡಿರಿ ಎಂದು ಕೇಳಿದರು. ಸೆರಗಿನ ಗಂಟಿನಲ್ಲಿದ್ದ ಬಿಳಿ ಮಾತ್ರೆಯ ಪಟ್ಟಿಯನ್ನು ಅವಳು ತೋರಿಸಿದಳು. ಅವರು ಅದನ್ನು ಬೆಳಕಿಗೆ ಹಿಡಿದು ಓದಿ ಮೇಜಿನ ಡ್ರಾಯರಿಗೆ ಹಾಕಿಕೊಂಡರು.

“ಬೇರೆಯವರಿಗೆ ಇದು ಒಳ್ಳೆಯ ಔಷಧಿ,” ಎಂದರು. “ನಿಮಗಲ್ಲ. ನಿಮ್ಮ ಮೆದುಳಿನಲ್ಲಿ ಯಾವುದು ಕಡಿಮೆಯಾಗಿದೆಯೋ ಅದನ್ನು ನಾನು ತುಂಬ್ತಾ ಇದ್ದೇನೆ, ಇದು ಅದರ ಬಾಗಿಲನ್ನೇ ಮುಚ್ಚುತ್ತೆ. ವಾಂತಿ ತಡೆಯದಿದ್ದರೆ ನನ್ನ ಹತ್ತಿರ ಬನ್ನಿ ಅಂದಿದ್ದೆನಲ್ಲ.”

ಗಂಗೂಬಾಯಿ ಬಾಗಿಲ ಹತ್ತಿರ ನಿಂತಿದ್ದವಳು ಮುಂದೆ ಬಂದಳು. “ಅಂದರೆ ಹೊಟ್ಟೆಯಲ್ಲಿ ಏನೂ ಇಲ್ಲವಾ, ಡಾಕ್ಟರ್ ಸಾಹೇಬ್?”

ಡಾಕ್ಟರಿಗೆ ಪ್ರಶ್ನೆಯ ಹಿಂದಿನದು ಹೊಳೆಯಲಿಲ್ಲ. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ, ಹೊಟ್ಟೆ ಬರೋಬರ್ ಇದೆ, ರೋಗ ಇರುವುದು ಮೆದುಳಿನಲ್ಲಿ, ಇದು ಹೋಗುವ ಕಾಯಿಲೆಯಲ್ಲ, ಆದರೆ ಮಾತ್ರೆಯಿಂದ ಬಹಳ ವರ್ಷ ಚೆನ್ನಾಗಿಯೇ ಇರಬಹುದು ಎಂದು ಆ ಮುದುಕಿಗೆ ಸಮಾಧಾನವಾಗಿ ವಿವರಿಸಿದರು. ಆಮೇಲೆ ಅಂಬುಜಾಗೆ ಹೊಸ ಕ್ರಮ ಬರೆದುಕೊಟ್ಟರು. ಮತ್ತೆ ಅರ್ಧ ಮಾತ್ರೆಯಿಂದ ಶುರು, ವಾರಕ್ಕೊಮ್ಮೆ ಮಾತ್ರ ಸ್ವಲ್ಪ ಸ್ವಲ್ಪವೇ ಏರಿಸುವುದು. ಈಗಿನ ಮಟ್ಟಿಗೆ ಖಾಲಿ ಹೊಟ್ಟೆಗೆ ಬೇಡ, ಹಾಲಿನ ಜೊತೆಯೂ ಬೇಡ, ಒಣ ರೊಟ್ಟಿಯ ಚೂರೋ ಅರಳೋ ತಿಂದು ನುಂಗುವುದು. ವಾಂತಿಗೆ ಬೇರೆಯದೇ ಒಂದು ಮಾತ್ರೆ, ಇದು ಮೆದುಳಿಗೆ ಹೋಗಿ ಕೆಲಸ ಕೆಡಿಸುವುದಿಲ್ಲ ಎಂದರು. ಅರಳು ತಿನ್ನುತ್ತಿದ್ದೆ ಎಂದು ಅವಳು ಹೇಳಿದಾಗ, ಯಾರು ಹೇಳಿಕೊಟ್ಟರೋ ಒಳ್ಳೆಯದು ಮಾಡಿದರು ಎಂದರು.

ಹಿಂತಿರುಗುವಾಗ ರಿಕ್ಷಾದಲ್ಲಿ ಗಂಗೂಬಾಯಿ ಒಂದೇ ಮಾತು ಕೇಳಿದಳು. ಮೊದಲೇ ಯಾಕೆ ಹೇಳಲಿಲ್ಲ? ಅಂಬುಜಾ ಹಣೆಯ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಳು. ದಾರಿಯಲ್ಲಿ ಗುಂಡಿ ಬಂದಾಗ ಗಂಗೂಬಾಯಿ ಅವಳ ರಟ್ಟೆ ಹಿಡಿದುಕೊಂಡಳು.

ಕೋಣೆ ಬಿಡುವ ಮಾತು ಅಲ್ಲಿಗೇ ಮುಗಿಯಿತು. ಸಂಜೆಯೊಳಗೆ ವಾಡೆಯ ಆರೂ ಮನೆಗಳಿಗೆ ವಿಷಯ ತಿಳಿದಿತ್ತು. ನಲ್ಲಿಯ ಹೆಂಗಸರು ಅವಳ ಬಕೆಟ್ಟನ್ನು ತಾವೇ ತುಂಬಿ ಮೇಲೆ ತಂದಿಟ್ಟರು. ಒಬ್ಬಳು ಗಂಜಿ ತಂದಳು, ಇನ್ನೊಬ್ಬಳು ಯಾವುದೋ ದೇವರ ಅಂಗಾರದ ಬೂದಿ ತಂದಳು. ಬಂದವರು ಅವಳ ಕೈ ನಡುಗುವುದನ್ನು ಬಿಟ್ಟೂ ಬಿಡದೆ ನೋಡಿ, ಅಯ್ಯೋ ಎಂದು ಲೊಚಗುಟ್ಟಿ ಹೋದರು. ಎಲ್ಲರೂ ಒಳ್ಳೆಯವರಾದರು. ಸುಲಭಾ ಮಾತ್ರ ಬರಲಿಲ್ಲ.

ಹತ್ತು ದಿನ ಕಳೆಯಿತು. ಅಂಬುಜಾ ಮಧ್ಯಾಹ್ನ ಮೂರಕ್ಕೆ ಬಂದು ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಿದ್ದಳು. ಡಬ್ಬಿಯಲ್ಲಿ ಅರಳು ಮುಗಿದಿತ್ತು. ಕೊನೆಗೆ ತಾನೇ ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಖಾಲಿ ಡಬ್ಬಿ ಹಿಡಿದು ಅವರ ಅಡುಗೆಮನೆಯ ಹಿಂಬಾಗಿಲಿಗೆ ಹೋದಳು. ಸುಲಭಾ ಒಬ್ಬಳೇ ಇದ್ದಳು, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಡಬ್ಬಿ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಕೂರಿ ಎನ್ನಲಿಲ್ಲ.

“ಇಂಥ ಹೊತ್ತಲ್ಲಿ ರೋಗದವರ ಹತ್ತಿರ ಹೋಗಬಾರದು ಅಂತ ಅತ್ತೆ ಹೇಳಿದ್ದಾರೆ,” ಎಂದಳು.

ಇದು ಅಂಟುವ ರೋಗವಲ್ಲ ಎಂದು ಅಂಬುಜಾ ಹೇಳಿದಳು.

“ಗೊತ್ತು.” ಸುಲಭಾ ಇನ್ನೊಂದು ಮೆಣಸಿನಕಾಯಿಯ ತೊಟ್ಟು ಮುರಿದಳು. “ನಾನು ನಿಮಗೋಸ್ಕರ ದೇವರಲ್ಲಿ ಬೇಡಿಕೊಂಡೆ, ತಾಈ. ನನ್ನ ಕೂಸಿನ ಜೊತೆ ನಿಮ್ಮದೂ ಸೇರಿಸಿ ಬೇಡಿಕೊಂಡೆ. ಗಂಡನಿಗೂ ಹೇಳಲಿಲ್ಲ.”

“ನಾನು ಹೌದು ಅಂತ ಹೇಳಲಿಲ್ಲ, ಸುಲಭಾ.”

“ಅಲ್ಲ ಅಂತನೂ ಹೇಳಲಿಲ್ಲ.”

ಹೇಳಬೇಕೆಂದರೆ ಒಂದು ಮಾತಿತ್ತು, ನೀನು ಬರುತ್ತಿದ್ದೆಯಲ್ಲ, ಅದಕ್ಕೆ ಹೇಳಲಿಲ್ಲ ಎಂಬುದು. ಅದನ್ನು ತನ್ನ ಅರ್ಧ ವಯಸ್ಸಿನ ಹುಡುಗಿಯ ಮುಂದೆ ಹೇಳಲು ಅಂಬುಜಾಗೆ ನಾಲಿಗೆ ಏಳಲಿಲ್ಲ. ಒಳಗಿನಿಂದ ಗಂಗೂಬಾಯಿ ಕೆಮ್ಮುವುದು ಕೇಳಿಸಿತು. ಅಂಬುಜಾ ತಿರುಗಿ ಮೆಟ್ಟಿಲು ಹತ್ತಿದಳು.

ಮರುದಿನ ಶನಿವಾರ. ಪಾಳಿ ಬಿಟ್ಟು ಸೀತಾಬರ್ಡಿಗೆ ನಡೆದುಕೊಂಡೇ ಹೋದಳು. ಬ್ಯಾಂಕಿನ ಅರ್ಧ ಷಟರ್ ಇಳಿದಿತ್ತು. ನರಹರಿ ಹೊರಗೆ ಬಂದವರು ಅವಳನ್ನು ನೋಡಿ ಗಲಿಬಿಲಿಗೊಂಡು ಆಚೀಚೆ ನೋಡಿದರು. ಪಕ್ಕದ ಗಲ್ಲಿಯ ಹೋಟೆಲಿಗೆ ಕರೆದೊಯ್ಯುವ ಧೈರ್ಯವೂ ಆಗದೆ, ಬಟ್ಟೆ ಅಂಗಡಿಯೊಂದರ ಕಟ್ಟೆಯ ಹತ್ತಿರ, ಹೋಗಿಬರುವವರ ನಡುವೆಯೇ ನಿಂತರು. ಅಂಬುಜಾ ಸುತ್ತುಬಳಸದೆ ಹೇಳಿದಳು. ರೋಗದ ಹೆಸರನ್ನು ಕನ್ನಡದಲ್ಲಿ ಯಾರೊಬ್ಬರ ಮುಂದೆಯೂ ಆವರೆಗೆ ಹೇಳಿರಲಿಲ್ಲ.

“ನನಗ ಪಾರ್ಕಿನ್ಸನ್ ಅಂತ ಒಂದು ಬ್ಯಾನಿ ಅದ. ಕೈಕಾಲು ಹಿಡೀತದ. ಅದರ ಗುಳಿಗಿ ನುಂಗಿ ವಾಂತಿ ಆಗ್ತಿತ್ತು. ಮನಿ ಒಡತಿ ಬ್ಯಾರೆ ತಿಳಕೊಂಡ್ಲು. ನನ್ನಿಂದ ನಿಮ್ಮ ಹೆಸರು ಕೆಡ್ತು. ತಪ್ಪಾತು.”

ನರಹರಿಯವರ ಮುಖ ಹಗುರಾದದ್ದು ಅವಳಿಗೆ ಕಣ್ಣೆದುರೇ ಕಂಡಿತು. ಹಿಡಿದಿದ್ದ ಉಸಿರನ್ನು ಬಿಟ್ಟರು. “ಇಷ್ಟ ಏನ್ರೀ, ಅಂಬುಜಾಬಾಯಾರ? ನಾ ಎಷ್ಟ್ ಅಂಜಿದ್ದೆ. ಊರಿಗೆ ಯಾರರೆ ಕಾಗದ ಬರದ್ರ ಏನ್ ಗತಿ ಅಂತ ನಿದ್ದಿ ಹತ್ತಿಲ್ಲ.” ಅಷ್ಟು ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ತಿಳಿದಿರಬೇಕು. ತಡವರಿಸಿದರು. “ಅಂದ್ರ, ಬ್ಯಾನಿ ಸಣ್ಣದಂತಲ್ಲ. ಔಷಧ ಅದ ಅಲ್ಲ?”

“ಅದ,” ಎಂದಳು ಅಂಬುಜಾ. ಅವಳಿಗೆ ಸಿಟ್ಟು ಬರಲಿಲ್ಲ. ಯಾಕೋ ನಗು ಬಂತು, ಸ್ವಲ್ಪವೇ. ಅವರು ಇನ್ನೂ ಏನೋ ಹೇಳಲು ನೋಡುತ್ತಿದ್ದರು. ತಡವಾಗುತ್ತದೆ, ಐದಕ್ಕೆ ಮಾತ್ರೆ ತಗೋಬೇಕು ಎಂದು ಹೇಳಿ ಬಸ್ ಹಿಡಿದಳು. ಮಾರ್ಚಿ ತಿಂಗಳಲ್ಲಿ ನರಹರಿಗೆ ಸೊಲ್ಲಾಪುರಕ್ಕೆ ವರ್ಗವಾಯಿತು. ಹೋಗುವಾಗ ಬ್ಯಾಂಕಿನ ಜವಾನನ ಕೈಯಲ್ಲಿ ಪತ್ರಿಕೆಗಳ ದೊಡ್ಡದೊಂದು ಕಟ್ಟು ಕಳಿಸಿದರು.

ಎಕ್ಸ್‌ಚೇಂಜಿನಲ್ಲಿಯೂ ಅವಳೇ ಹೋಗಿ ಹೇಳಿದಳು. ಸೂಪರ್‌ವೈಸರ್ ಹೆಂಗಸು ಕೇಳಿ ಬೇಸರಪಟ್ಟಳು. ಹೆದರಿದ ಹಾಗೆಯೇ ಬೋರ್ಡಿನಿಂದ ಎಬ್ಬಿಸಿದರು, ಆದರೆ ಕೆಲಸ ಉಳಿಯಿತು. ಕಾಲ್ ಟಿಕೆಟ್ಟುಗಳನ್ನು ಊರುಗಳ ಪ್ರಕಾರ ವಿಂಗಡಿಸಿ ಕಟ್ಟುವ ಕೆಲಸ, ಒಳಗಿನ ಕೋಣೆಯಲ್ಲಿ. ಅಲ್ಲಿ ಒಂದು ಪಂಖ ಇತ್ತು, ಒಂದು ಕಿಟಕಿ ಇತ್ತು. ಮಾತಾಡುವವರು ಇರಲಿಲ್ಲ.

ವಾಕರಿಕೆ ಒಂದೇ ದಿನ ಹೋಗಲಿಲ್ಲ. ಅರ್ಧದಿಂದ ಮುಕ್ಕಾಲು, ಮುಕ್ಕಾಲಿನಿಂದ ಒಂದು. ಅಂಗಡಿಯಿಂದ ತಾನೇ ಅರಳು ತಂದುಕೊಂಡಳು. ಒಂದು ವಾರ ಹೊಟ್ಟೆ ತೊಳಸುವುದು, ಮುಂದಿನ ವಾರ ಸುಮ್ಮನಿರುವುದು. ಏಪ್ರಿಲ್ ಮೊದಲ ವಾರದ ಒಂದು ಬೆಳಿಗ್ಗೆ ಮಾತ್ರೆ ನುಂಗಿ, ಎಂದಿನಂತೆ ಮಂಚದ ಮೇಲೆ ಕೂತು ಕಾದಳು. ಇಪ್ಪತ್ತು ನಿಮಿಷವಾಯಿತು, ಮೂವತ್ತಾಯಿತು. ಏನೂ ಬರಲಿಲ್ಲ. ಕೆಳಗೆ ಒಗ್ಗರಣೆ ಚಟಪಟ ಎಂದು ಹೊಗೆ ಮೇಲೆ ಬಂತು. ಅದರ ವಾಸನೆ ಹಿಂಗಿನ ವಾಸನೆಯಾಗಿಯೇ ಮೂಗಿಗೆ ಹತ್ತಿತು, ಅಷ್ಟೇ. ಹಸಿವಾಯಿತು. ಯಾರಿಗಾದರೂ ಹೇಳಬೇಕೆಂದು ಅಂಬುಜಾ ಎದ್ದು ಬಾಗಿಲವರೆಗೆ ಬಂದಳು. ನಲ್ಲಿಯ ಹತ್ತಿರ ಹೆಂಗಸರು ನೀರಿಗಾಗಿ ಜಗಳವಾಡುತ್ತಿದ್ದರು. ಒಳಗೆ ಹೋಗಿ ರೊಟ್ಟಿ ಮಾಡಿಕೊಂಡು ಎರಡು ತಿಂದಳು.

ಸುಲಭಾ ಹೆರಿಗೆಗೆ ತವರಿಗೆ ಹೊರಟದ್ದು ಆ ತಿಂಗಳ ಕೊನೆಗೆ. ಅಣ್ಣ ಕರೆದೊಯ್ಯಲು ಬಂದಿದ್ದ. ಅಂಗಳದಲ್ಲಿ ಟ್ರಂಕು, ಹಾಸಿಗೆ ಸುರುಳಿ ಇಟ್ಟಿದ್ದರು, ಹೊರಗೆ ರಿಕ್ಷಾ ನಿಂತಿತ್ತು. ಹಸಿರು ಬಳೆ ಇಟ್ಟ ಸುಲಭಾ ವಾಡೆಯ ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತಿದ್ದಳು. ಅಂಬುಜಾ ಕೆಲಸಕ್ಕೆ ಹೊರಟವಳು ಮೆಟ್ಟಿಲ ಮೇಲೆಯೇ ನಿಂತಳು. ಕರೆಯದೆ ಹತ್ತಿರ ಹೋಗುವುದು ಸರಿಯೆನಿಸಲಿಲ್ಲ. ಎಲ್ಲರೂ ಹೊರಗೆ ಹೋಗುತ್ತಿದ್ದಾಗ ಸುಲಭಾ ಏನೋ ಮರೆತವಳಂತೆ ಹಿಂದೆ ಬಂದು ಮೆಟ್ಟಿಲ ಕೆಳಗೆ ನಿಂತು ತಲೆ ಎತ್ತಿದಳು.

“ಈಗ ವಾಂತಿ ಆಗುತ್ತಾ?” ಎಂದು ಕೇಳಿದಳು.

“ಇಲ್ಲ. ಈಗ ಇಲ್ಲ.”

“ನನಗೂ ಇಲ್ಲ,” ಎಂದಳು ಸುಲಭಾ. ಅಣ್ಣ ಹೊರಗಿನಿಂದ ಕೂಗಿದ. ಅವಳು ಸೊಂಟದ ಮೇಲೆ ಕೈಯಿಟ್ಟು, ನಿಧಾನವಾಗಿ, ಮೈ ಭಾರವಾದವರು ನಡೆಯುವ ಹಾಗೆ ಹೊರಟುಹೋದಳು.

ಅಂಬುಜಾ ಕಟಾಂಜನ ಹಿಡಿದು ಉಳಿದ ಮೆಟ್ಟಿಲುಗಳನ್ನು ಇಳಿದಳು. ಅವಳು ಬೀದಿಗೆ ಬರುವ ಹೊತ್ತಿಗೆ ರಿಕ್ಷಾ ತಿರುವಿನಲ್ಲಿ ಮರೆಯಾಗಿತ್ತು. ಗಂಗೂಬಾಯಿ ಇನ್ನೂ ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಇಬ್ಬರೂ ಸ್ವಲ್ಪ ಹೊತ್ತು ಖಾಲಿ ಬೀದಿ ನೋಡುತ್ತ ನಿಂತರು. ಬಿಸಿಲೇರುತ್ತಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಅಂಬುಜಾ ಹೊರಟಳು.